ಶ್ರೀಲಂಕಾಗೆ ಯಾವ ತಿಂಗಳು? ಮೊದಲು ಯಾವ ಕಡೆ ಅಂತ ಹೇಳಿ

ಶ್ರೀಲಂಕಾಗೆ ಯಾವಾಗ ಹೋದರೆ ಒಳ್ಳೆಯದು ಅಂತ ಯಾರು ಕೇಳಿದರೂ ನಾನು ಮೊದಲು ಕೇಳುವುದು, ಯಾವ ಕರಾವಳಿಗೆ ಅಂತ. ದ್ವೀಪ ಚಿಕ್ಕದು, ಉತ್ತರದಿಂದ ದಕ್ಷಿಣಕ್ಕೆ ಸುಮಾರು 430 ಕಿ.ಮೀ. ಅಷ್ಟೇ. ಆದರೆ ಅಷ್ಟರಲ್ಲೇ ಎರಡು ಮಳೆಗಾಲ ಇವೆ.

ಇದು ಗೊತ್ತಿಲ್ಲದೆ ನಾನು ಮೊದಲ ಸಲ ಹೋಗಿದ್ದು ಜೂನ್‌ನಲ್ಲಿ, ಅದೂ ದಕ್ಷಿಣ ತುದಿಯ ಮಿರಿಸ್ಸಾಗೆ. ನೀಲಿ ತಿಮಿಂಗಿಲ ನೋಡಬೇಕು ಅನ್ನುವುದೊಂದೇ ಆಸೆ. ಹೋಗಿ ನೋಡಿದರೆ ದಡದಲ್ಲಿ ಕೆಂಪು ಬಾವುಟ, ಆಳೆತ್ತರದ ಅಲೆ, ದೋಣಿಗಳೆಲ್ಲ ಕಟ್ಟಿ ಹಾಕಿದ್ದವು. ನವೆಂಬರ್ ಮೇಲೆ ಬನ್ನಿ ಅಂದರು ದೋಣಿಯವರು. ಬುಕಿಂಗ್ ಮಾಡಿಕೊಟ್ಟವರು ಈ ವಿಷಯ ಬಾಯೇ ಬಿಟ್ಟಿರಲಿಲ್ಲ, ರೂಮು ಕಡಿಮೆ ದುಡ್ಡಿಗೆ ಸಿಗುತ್ತೆ ಅಂತ ಮಾತ್ರ ಹೇಳಿದ್ದರು. ನಿಜಕ್ಕೂ ಹೊಟ್ಟೆ ಉರಿದದ್ದು ಆಮೇಲೆ. ಅದೇ ವಾರ ದ್ವೀಪದ ಇನ್ನೊಂದು ಬದಿಯಲ್ಲಿ, ಪೂರ್ವ ಕರಾವಳಿಯ ಟ್ರಿಂಕೋಮಲಿಯಲ್ಲಿ, ಸಮುದ್ರ ಕೆರೆಯ ಹಾಗೆ ಶಾಂತವಾಗಿತ್ತಂತೆ, ತಿಮಿಂಗಿಲ ನೋಡುವ ದೋಣಿಗಳೂ ದಿನಾ ಹೊರಡುತ್ತಿದ್ದವಂತೆ!

ಕಾರಣ ನಡುವೆ ಇರುವ ಬೆಟ್ಟಗಳು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬರುವ ಗಾಳಿ ಈ ಬೆಟ್ಟಗಳಿಗೆ ಬಡಿದು ಕೊಲಂಬೊ, ಗಾಲೆ ಇರುವ ನೈಋತ್ಯ ಕಡೆಯೇ ನೀರು ಸುರಿಸಿಬಿಡುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದು ಒಣಗಿದ ಬಿಸಿಗಾಳಿ. ಅದಕ್ಕೆ ಅಲ್ಲಿಯ ಜನ ಕಚ್ಚಾನ್ ಅನ್ನುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದೆಲ್ಲ ಉಲ್ಟಾ. ಆಗ ಗಾಳಿ ಈಶಾನ್ಯದಿಂದ ಬರುತ್ತದೆ, ಪೂರ್ವ ನೆನೆಯುತ್ತದೆ, ಗಾಲೆ ಮತ್ತು ಮಿರಿಸ್ಸಾದಲ್ಲಿ ಬಿಸಿಲು.

ಅಂದರೆ ವರ್ಷದ ಹೆಚ್ಚಿನ ದಿನ ಒಂದಲ್ಲ ಒಂದು ಕಡೆ ಸಮುದ್ರ ಚೆನ್ನಾಗಿರುತ್ತದೆ, ಅಲ್ವಾ? ನಾನು ಬೇಡ ಅನ್ನುವುದು ಅಕ್ಟೋಬರ್, ನವೆಂಬರ್ ಮಾತ್ರ. ಆಗ ಎಲ್ಲ ಕಡೆ ಮಧ್ಯಾಹ್ನವಾದರೆ ಗುಡುಗು ಮಳೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಭಯ ಬೇರೆ.

ಎರಡನೇ ಸಲ ಆಗಸ್ಟ್‌ನಲ್ಲಿ ಹೋದೆ, ನೇರ ಪೂರ್ವಕ್ಕೆ. ದಾರಿಯಲ್ಲಿ ಮಿನ್ನೇರಿಯಾ ಸಿಕ್ಕಿತು. ಮಹಾಸೇನ ರಾಜ ಕಟ್ಟಿಸಿದ ಹಳೆಯ ಕೆರೆ ಅದು. ಅಲ್ಲಿ ಮಳೆಯಿಲ್ಲದ ಈ ತಿಂಗಳುಗಳಲ್ಲಿ ನೀರು ಹಿಂದೆ ಸರಿಯುತ್ತದೆ, ಆ ಒದ್ದೆ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಸುತ್ತಲ ಕಾಡುಗಳಲ್ಲಿ ಮೇವಿಲ್ಲದೆ ಒಣಗಿದ್ದ ಆನೆಗಳೆಲ್ಲ ಮರಿಗಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತವೆ. ಸಂಜೆ ಜೀಪಿನಲ್ಲಿ ಕೂತು ಎಣಿಸಲು ಹೋದೆ. ಎಂಬತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟು ಸುಮ್ನೆ ನೋಡುತ್ತಾ ಕೂತೆ. ಹೋಗುವ ಮುಂಚೆ ಕೆರೆ ಎಷ್ಟು ತುಂಬಿದೆ ಅಂತ ಮಾತ್ರ ವಿಚಾರಿಸಿಕೊಳ್ಳಿ. ನೀರು ಜಾಸ್ತಿ ಉಳಿದ ವರ್ಷ ಹುಲ್ಲು ಮುಳುಗಿಯೇ ಇರುತ್ತದೆ, ಆನೆಗಳೂ ಅಷ್ಟು ಸೇರುವುದಿಲ್ಲ.

ಯಾತ್ರೆಯ ಬೆಟ್ಟ ಶ್ರೀಪಾದ (ಆಡಮ್ಸ್ ಪೀಕ್) ಹತ್ತುವವರ ಲೆಕ್ಕ ಬೇರೆ. ಯಾತ್ರೆ ಶುರುವಾಗುವುದು ಡಿಸೆಂಬರ್ ಹುಣ್ಣಿಮೆಗೆ, ಮುಗಿಯುವುದು ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ. ಆ ತಿಂಗಳುಗಳಲ್ಲಿ ರಾತ್ರಿಯಿಡೀ ಮೆಟ್ಟಿಲುಗಳಿಗೆ ದೀಪ ಇರುತ್ತದೆ, ಉಳಿದ ಕಾಲದಲ್ಲಿ ಕತ್ತಲೆ, ಮಳೆ, ಗಾಳಿ. ಕ್ಯಾಂಡಿಯ ಪೆರಹೆರ ಮೆರವಣಿಗೆ ಜುಲೈ ಇಲ್ಲವೇ ಆಗಸ್ಟ್‌ನಲ್ಲಿ ಬರುತ್ತದೆ, ರೂಮು ಮುಂಚೆಯೇ ಹಿಡಿದಿಡಿ.

ಒಂದೇ ಸಲಕ್ಕೆ ಇಡೀ ದ್ವೀಪ ಸುತ್ತಬೇಕು ಅನ್ನುವವರಿಗೆ ನಾನು ಹೇಳುವುದು ಮಾರ್ಚ್. ಸೆಖೆ ಇರುತ್ತದೆ, ಆದರೆ ಒಂದು ಮಳೆ ಮುಗಿದು ಇನ್ನೊಂದು ಶುರುವಾಗಿರುವುದಿಲ್ಲ, ಎರಡೂ ಕಡೆ ನೀರಿಗೆ ಇಳಿಯಬಹುದು. ಏಪ್ರಿಲ್ ಮಧ್ಯಕ್ಕೆ ತಳ್ಳಬೇಡಿ. ಆಗ ಅವರ ಹೊಸ ವರ್ಷ, ಅಂಗಡಿಗಳು ಮುಚ್ಚಿರುತ್ತವೆ, ಬಸ್ಸು ರೈಲು ಊರಿಗೆ ಹೊರಟವರಿಂದ ತುಂಬಿರುತ್ತವೆ. ಮಿರಿಸ್ಸಾದ ತಿಮಿಂಗಿಲ ನನಗೆ ಕೊನೆಗೂ ಕಂಡಿದ್ದು ಮೂರನೇ ಸಲ, ಒಂದು ಮಾರ್ಚ್ ಬೆಳಗ್ಗೆ. ದೋಣಿಯಿಂದ ದೂರದಲ್ಲಿ ಒಮ್ಮೆ ನೀರು ಚಿಮ್ಮಿತು, ನಿಧಾನಕ್ಕೆ ಉದ್ದನೆಯ ಬೆನ್ನು ಮೇಲೆ ಬಂತು, ಆಮೇಲೆ ಬಾಲ ಎತ್ತಿ ಒಳಗೆ ಹೋಯಿತು.