ಮಿರ್ಜಾನದಿಂದ ಶಿರಸಿಗೆ, ಉಪ್ಪಿನ ಗಂಟಿನೊಡನೆ

ಕುಮಟಾ–ಶಿರಸಿ ಬಸ್ಸಿನಲ್ಲಿ ದೇವಿಮನೆ ಘಟ್ಟವನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಘಟ್ಟದ ಏರು ಎಂಥದ್ದೆಂಬುದು ನನ್ನ ಮೊಣಕಾಲುಗಳಿಗೆ ತಿಳಿದದ್ದು ಕಳೆದ ಫೆಬ್ರುವರಿಯಲ್ಲಿ, ಬೆನ್ನಿನ ಮೇಲೆ ಮೂರು ಕಿಲೋ ಹರಳುಪ್ಪು ಹೊತ್ತು ನಡೆದಾಗ. ಉಪ್ಪೇ ಏಕೆಂದರೆ, ಈ ದಾರಿಯಲ್ಲಿ ಮೇಲಕ್ಕೆ ಹೋಗುತ್ತಿದ್ದ ಹೇರು ಅದೇ. ಘಟ್ಟದ ಮೇಲಿನಿಂದ ಕಾಳುಮೆಣಸು, ಅಡಿಕೆ ಇಳಿಯುತ್ತಿದ್ದವು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತುತ್ತಿದ್ದವು. ಬರಿಗೈಯಲ್ಲಿ ಹತ್ತುವವನಿಗೆ ಹಳೆಯ ದಾರಿ ಅರ್ಧವಷ್ಟೇ ತಿಳಿದೀತೆಂದು ಗೋಕರ್ಣದ ಪೇಟೆಯಲ್ಲಿ ಸಾಣಿಕಟ್ಟಾದ ಉಪ್ಪು ಕೊಂಡೆ. ಮನೆಯವರು ಇದನ್ನು ಹುಚ್ಚು ಎಂದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾನೂ ಒಪ್ಪಿಕೊಂಡಿದ್ದೆ.

ನಡಿಗೆಯನ್ನು ಮಿರ್ಜಾನ ಕೋಟೆಯಿಂದ ಆರಂಭಿಸಿದೆ. ಚಿರೆಕಲ್ಲಿನ ಆ ಗೋಡೆಗಳ ಮೇಲೆ ಹಾವಸೆ ಒಣಗಿ ಕಪ್ಪಾಗಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಈ ಕೋಟೆ ಸೇರಿಕೊಂಡಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಆಕೆಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಕಾವ್ಯಕ್ಕಾಗಿಯಲ್ಲ. ಅವರ ಹಡಗು ತುಂಬಬೇಕಿದ್ದರೆ ಆಕೆಯ ಸೀಮೆಯ ಮೆಣಸು ಬೇಕಿತ್ತು. ಕೋಟೆಯ ಬಳಿಯೇ ಅಘನಾಶಿನಿ ಅಗಲವಾಗಿ ಹರಿದು ತದಡಿಯ ಕಡೆಗೆ ಸಾಗುತ್ತದೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ನದಿಯೂ ನಾನು ಏರಬೇಕಾದ ಎತ್ತರವನ್ನೇ ಇಳಿದು ಬಂದಿದೆ. ಶಿರಸಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರು ಎತ್ತರದಲ್ಲಿದೆ. ನನ್ನ ದಾರಿ ಸುಮಾರು 60 ಕಿಲೋಮೀಟರು.

ದಿವಗಿಯಿಂದ ಕತಗಾಲದವರೆಗಿನ ಮೊದಲ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಡಾಂಬರು, ಬಿಸಿಲು, ಲಾರಿಗಳ ಧೂಳು. ಆದರೆ ಈ ರಸ್ತೆಯ ಮೇಲೆ ಲಾರಿಯ ಬದಲು ಹತ್ತಿಯ ಗಾಡಿಗಳನ್ನು ಕಲ್ಪಿಸಿಕೊಳ್ಳಲು ಅಷ್ಟೇನೂ ಕಷ್ಟವಾಗಲಿಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಹಡಗು ಹತ್ತುತ್ತಿದ್ದುದು ಕುಮಟೆಯಲ್ಲಿ. ಆದ್ದರಿಂದ ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ಮುಂಬಯಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಪ್ಪಿದಾಗ ಈ ಗಾಡಿದಾರಿಗಳಿಗೆ ಎಲ್ಲಿಲ್ಲದ ಬೆಲೆ ಬಂತು. ಮರುವರ್ಷವೇ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಮತ್ತು ಬಂದರಿನ ಲೆಕ್ಕಾಚಾರವೇ ಇತ್ತು. 1880ರ ದಶಕದ ಕೊನೆಗೆ ರೈಲು ಕ್ಯಾಸಲ್‌ರಾಕ್ ಮೂಲಕ ಮುರ್ಮುಗೋವಾ ಬಂದರಿಗೆ ಇಳಿಯಿತು; ಹತ್ತಿಯೂ ಅತ್ತಲೇ ಹೋಯಿತು.

ಎರಡನೆಯ ದಿನ ಘಟ್ಟ. ಕಾಡಿನ ಕಾಲುದಾರಿಗೆ ಇಳಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಂಡಿದ್ದೆ, ಏಕೆಂದರೆ ಈ ಭಾಗದ ಕಾಡು 2011ರಿಂದ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ನಡೆಯತೊಡಗಿದ ಮೇಲೆ ಬಸ್ಸಿನಲ್ಲಿ ಕುಳಿತವನಿಗೆ ಎಂದೂ ಹೊಳೆಯದ ಒಂದು ಸಂಗತಿ ಸ್ಪಷ್ಟವಾಯಿತು. ರಸ್ತೆ ಗಾಲಿಗಾಗಿ ಮಾಡಿದ್ದು. ಹೇರು ಹೊತ್ತ ಗಾಡಿಯನ್ನು ಎತ್ತುಗಳು ಎಳೆಯಬೇಕಾದರೆ ಏರು ಮೆಲ್ಲಗಿರಬೇಕು, ಆದ್ದರಿಂದ ಅದು ಗುಡ್ಡದ ಸೊಂಟವನ್ನು ಬಳಸಿ ಬಳಸಿ ತಿರುವಿನ ಮೇಲೆ ತಿರುವು ಹಾಕುತ್ತದೆ. ಕಾಲುದಾರಿಗೆ ಆ ಹಂಗಿಲ್ಲ. ಅದು ಗುಡ್ಡದ ಏಣನ್ನು ಹಿಡಿದು ನೆಟ್ಟಗೆ ಹತ್ತುತ್ತದೆ, ಹೇರೆತ್ತು ಕಾಲೂರಲು ಎಷ್ಟು ಜಾಗ ಬೇಕೋ ಅಷ್ಟೇ ಅಗಲ. ಒಂದು ಕಡೆ ನೂರಾರು ವರ್ಷಗಳ ಕಾಲ್ತುಳಿತಕ್ಕೋ ಮಳೆನೀರಿಗೋ ನೆಲ ಸವೆದು, ದಾರಿಯೇ ಎದೆಮಟ್ಟದ ಓಣಿಯಾಗಿತ್ತು. ಎರಡೂ ಬದಿಯ ದರೆಯಿಂದ ಬೇರುಗಳು ಇಳಿಬಿದ್ದಿದ್ದವು, ಅಡಿಯಲ್ಲಿ ತರಗೆಲೆ ಮೊಣಕಾಲವರೆಗೆ. ಮೇಲೆಲ್ಲೋ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಹದಿನೈದು ನಿಮಿಷ ಹತ್ತಿ ರಸ್ತೆಗೆ ಬಂದರೆ, ಅದೇ ಬಸ್ಸು ಹೋದ ತಿರುವಿನ ಮೇಲಿನ ತಿರುವಿನಲ್ಲಿ ನಾನಿದ್ದೆ.

ದಾರಿ ತಪ್ಪಿದ್ದೂ ಉಂಟು. ಮೊಬೈಲಿನ ನಕ್ಷೆಯಲ್ಲಿ ಕಂಡ ಗೆರೆಯನ್ನು ಹಳೆಯ ಹಾದಿಯೆಂದೇ ನಂಬಿ ಮುಕ್ಕಾಲು ಗಂಟೆ ಹತ್ತಿದ ಮೇಲೆ, ಅದು ವಿದ್ಯುತ್ ತಂತಿಗಾಗಿ ಮರ ಕಡಿದ ಪಟ್ಟಿ ಎಂದು ಗೊತ್ತಾಯಿತು. ಉಪ್ಪನ್ನು ಅಲ್ಲೇ ಸುರಿದುಬಿಡೋಣವೆನ್ನಿಸಿದ್ದು ಆಗ. ದೇವಿಮನೆಯ ಗುಡಿಯ ಮುಂದೆ ಕುಳಿತು ನೀರು ಕುಡಿಯುವಾಗ, ಲಾರಿ ನಿಲ್ಲಿಸಿ ಕೈಮುಗಿದು ಹೊರಟ ಚಾಲಕನೊಬ್ಬ ಕನಿಕರದಿಂದ ಹತ್ತಿಸಿಕೊಳ್ಳಲು ಕರೆದ. ಬೇಡವೆನ್ನಲು ಕಷ್ಟವಾಯಿತು.

ಆ ರಾತ್ರಿ ರಾಗಿಹೊಸಳ್ಳಿಯಾಚೆ ಪರಿಚಯದವರ ಮನೆಯಲ್ಲಿ ಉಳಿದೆ. ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟರೆ ಒಂದು ಚಾಪೆಯ ಮೇಲೆ ಕಾಳುಮೆಣಸು, ಅರ್ಧ ಹಸಿರು ಅರ್ಧ ಕಪ್ಪಾಗಿ ಒಣಗುತ್ತಿತ್ತು. ಜಗುಲಿಯ ಮೇಲೆ ಹೊಳೆಯಂಚಿನ ಮರದಿಂದ ಇಳಿಸಿದ ಅಪ್ಪೆಮಿಡಿಯ ರಾಶಿ. “ಬಸ್ಸಿದ್ದಲ ತಮಾ, ನಡ್ಕಂಡು ಎಂತಕ್ಕೆ ಬಂದೆ?” ಎಂದು ಕೇಳಿದ ಆ ಮನೆಯ ಅಜ್ಜಿ, ಉತ್ತರಕ್ಕೆ ಕಾಯದೆ ಆಸರಿಗೆ ತರಲು ಒಳಗೆ ಹೋದರು. ಬೆಲ್ಲ–ನೀರು ಕುಡಿದು ಗಂಟು ಬಿಚ್ಚಿ ಕೊಟ್ಟೆ. ಅಜ್ಜಿ ಒಂದು ಹರಳನ್ನು ಬೆರಳಲ್ಲಿ ತಿಕ್ಕಿ ನೋಡಿದರು. “ಮಿಡಿಗೆ ಹರಳುಪ್ಪೇ ಆಗವು. ಆದ್ರೆ ನಿನ್ನ ಬೆವರಿಗೆ ಒದ್ದೆ ಆಜಲ ಇದು,” ಎಂದವರು ಅದನ್ನು ಮೊರದಲ್ಲಿ ಹರಡಿ ಒಲೆಯ ಪಕ್ಕ ಇಟ್ಟರು.

ಮರುದಿನ ಶಿರಸಿಯವರೆಗೆ ತೋಟಗಳ ನಡುವಿನ ಸುಲಭ ನಡಿಗೆ. ಚೀಲದಲ್ಲಿ ಉಪ್ಪಿನ ಜಾಗದಲ್ಲಿ ಈಗ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಮೆಣಸಿತ್ತು. ಸಂಜೆಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಘಟ್ಟ ಇಳಿದು ಕುಮಟೆಗೆ ಬಂದೆ.