ಬ್ಯೂರೆಟ್ ಯಾರ ಕೈಯಲ್ಲಿ?

ಶಿವಮೊಗ್ಗದ ನಮ್ಮ ಹುಡುಗಿಯರ ಕಾಲೇಜಿಗೆ ಹುಡುಗರನ್ನೂ ಸೇರಿಸಿಕೊಳ್ಳಬೇಕಾ ಬೇಡವಾ ಅನ್ನೋ ಮಾತು ಹಳೆಯ ವಿದ್ಯಾರ್ಥಿನಿಯರ ಸಭೆಯಲ್ಲಿ ಜೋರಾಗಿಯೇ ನಡೆಯಿತು. ಕೆಲವರು ಬೇಡವೇ ಬೇಡ ಅಂದರು. ಇನ್ನು ಕೆಲವರು, ಈ ಕಾಲದಲ್ಲೂ ಹುಡುಗಿಯರನ್ನು ಬೇರೆ ಕೂರಿಸಿ ಪಾಠ ಮಾಡೋದು ಎಂಥ ನ್ಯಾಯ ಅಂತ ಕೇಳಿದರು. ಸಂಚಿಕೆಗೆ ನೆನಪು ಬರೆದುಕೊಡು ಅಂತ ಮೇಡಂ ಫೋನ್ ಮಾಡಿದಾಗ ನನಗೆ ಬರೆಯಬೇಕು ಅನ್ನಿಸಿದ್ದು ಇದರ ಬಗ್ಗೆಯೇ. ಯಾಕೆಂದರೆ ನಾನು ಎರಡೂ ಕಡೆ ಓದಿದವಳು. ಹತ್ತನೇ ಕ್ಲಾಸಿನವರೆಗೆ ಹೊಸನಗರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ, ಹುಡುಗರ ಜೊತೆ. ಪಿಯುಸಿ ಶಿವಮೊಗ್ಗದಲ್ಲಿ, ಬರೀ ಹುಡುಗಿಯರ ನಡುವೆ. ಈಗ ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿ ಹುಡುಗರೂ ಇದ್ದಾರೆ, ಹುಡುಗಿಯರೂ ಇದ್ದಾರೆ.

ಕಾಲೇಜು ಅಂದಕೂಡಲೇ ನನಗೆ ನೆನಪಾಗುವುದು ಕೆಮಿಸ್ಟ್ರಿ ಲ್ಯಾಬು. ಗ್ಯಾಸ್ ತಯಾರಿಸುವ ಕಿಪ್ಸ್ ಉಪಕರಣದಿಂದ ಬರುತ್ತಿದ್ದ ಕೊಳೆತ ಮೊಟ್ಟೆಯ ವಾಸನೆ ಕಾರಿಡಾರಿನ ತುದಿಯವರೆಗೂ ಹಬ್ಬುತ್ತಿತ್ತು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರಂತೂ ಕೇಳುವುದೇ ಬೇಡ. ಸೆಕೆಂಡ್ ಪಿಯುಸಿಯಲ್ಲಿ ಪರ್ಮಾಂಗನೇಟ್ ಟೈಟ್ರೇಶನ್, ಅಂದರೆ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಇನ್ನೊಂದು ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು, ಎಷ್ಟು ಹಿಡಿಯಿತು ಅಂತ ಅಳೆಯುವ ಪ್ರಯೋಗ. ಬ್ಯೂರೆಟ್ ಅಂದರೆ ಕೆಳಗೆ ನಲ್ಲಿ ಇರುವ ಉದ್ದನೆಯ ಗಾಜಿನ ಅಳತೆ ಕೊಳವೆ. ಅದನ್ನು ಮೊದಲು ನೀರಿನಲ್ಲಿ ತೊಳೆಯಬೇಕು, ಆಮೇಲೆ ಅದೇ ನೇರಳೆ ದ್ರಾವಣದಲ್ಲಿ ತೊಳೆಯಬೇಕು. ಸ್ಟೂಲ್ ಹತ್ತಿ ಫನೆಲ್ ಇಟ್ಟು ತುಂಬಿಸಬೇಕು. ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಕೂತಿದ್ದರೆ ತೆಗೆಯಬೇಕು. ಬಣ್ಣ ಗಾಢವಾಗಿರುವುದರಿಂದ ದ್ರಾವಣದ ಮೇಲಂಚು ನೋಡಿ ರೀಡಿಂಗ್ ಬರೆಯಬೇಕು. ಆಕ್ಸಾಲಿಕ್ ಆಸಿಡ್ಡಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ, ಹಬೆಯಾಡುವಷ್ಟು ಬಿಸಿ ಮಾಡಿ, ಬಿಸಿ ಫ್ಲಾಸ್ಕನ್ನು ಬಲಗೈಯಲ್ಲಿ ತಿರುಗಿಸುತ್ತಾ ಎಡಗೈಯಲ್ಲಿ ನಲ್ಲಿ ಬಿಡಬೇಕು. ಮೊದಮೊದಲು ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲೆ ಬಿದ್ದ ಬಿದ್ದ ಹನಿಯೂ ತಕ್ಷಣ ಮಾಯ. ಕೊನೆಗೆ ಒಂದೇ ಒಂದು ಹನಿಗೆ ಇಡೀ ಫ್ಲಾಸ್ಕು ತೆಳು ಗುಲಾಬಿಯಾಗಿ ನಿಂತುಬಿಡುತ್ತದೆ. ಆ ಹನಿಯನ್ನು ಕೈಯಾರೆ ನಿಲ್ಲಿಸಿದವರಿಗೇ ಅದರ ಖುಷಿ ಗೊತ್ತು.

ನಾನು ಇಷ್ಟುದ್ದ ಬರೆಯಲು ಕಾರಣ ಇದೆ. ಅಲ್ಲಿಯವರೆಗೆ ನಾನು ಯಾವ ಪ್ರಯೋಗವನ್ನೂ ಕೈಯಾರೆ ಮಾಡಿರಲಿಲ್ಲ. ಹೈಸ್ಕೂಲಿನಲ್ಲಿ ಪ್ರಯೋಗ ಅಂದರೆ ಮೇಜಿನ ಸುತ್ತ ಹುಡುಗರು, ಅವರ ಹಿಂದೆ ನಾವು. ಅವರು ಬ್ಯಾಟರಿಗೆ ವೈರು ಸಿಕ್ಕಿಸುತ್ತಿದ್ದರು, ನಾವು ಚಿತ್ರ ಬರೆಯುತ್ತಿದ್ದೆವು. ನಮ್ಮ ರೆಕಾರ್ಡು ಅಂದವಾಗಿರುತ್ತಿತ್ತು ಅಂತ ಮೇಷ್ಟ್ರು ಹೊಗಳುತ್ತಿದ್ದರು. ಯಾರೂ ನಮ್ಮನ್ನು ತಳ್ಳಲಿಲ್ಲ, ಬೈಯಲಿಲ್ಲ. ಒಳ್ಳೆಯ ಮೇಷ್ಟ್ರು, ಒಳ್ಳೆಯ ಹುಡುಗರು. ಆದರೂ ಹಾಗೇ ನಡೆದುಕೊಂಡು ಬಂದಿತ್ತು. ಬೆಂಚು ಎತ್ತಲು ಹುಡುಗರು, ಕಸ ಗುಡಿಸಲು, ರಂಗೋಲಿ ಹಾಕಲು ಹುಡುಗಿಯರು. ಆಗಸ್ಟ್ ಹದಿನೈದಕ್ಕೆ ಬಾವುಟ ಕಟ್ಟುವವರು ಅವರು, ಹಾಡು ಹೇಳುವವರು ನಾವು.

ಶಿವಮೊಗ್ಗದ ಕಾಲೇಜಿನಲ್ಲಿ ಬೆಂಚು ಎತ್ತಲು ಕರೆಯೋಣ ಅಂದರೆ ಹುಡುಗರೇ ಇಲ್ಲ. ವಾರ್ಷಿಕೋತ್ಸವದ ದಿನ ಕರೆಂಟು ಹೋದರೆ ಜನರೇಟರ್ ಹಗ್ಗ ಎಳೆದವರು ನಾವೇ. ಮೈಕ್ ಸೆಟ್ಟಿನವರ ಜೊತೆ ಬಾಡಿಗೆ ಮಾತಾಡಿದವರು ನಾವೇ. ಕ್ರಿಕೆಟ್ಟಿಗೆ ಅಂಪೈರು ನಮ್ಮವಳೇ, ಔಟಾಗಿದ್ದೇನೆ ಅಂತ ಒಪ್ಪದೆ ಜಗಳ ಆಡಿದವಳೂ ನಮ್ಮವಳೇ. ಲ್ಯಾಬಿನಲ್ಲಿ ಹಿಂದೆ ನಿಲ್ಲಲು ಹೋದರೆ ಮುಂದೆ ಯಾರೂ ಇರುತ್ತಿರಲಿಲ್ಲ. "ನಿನ್ನ ಕೈಯಿಂದಲೇ ಆಗಬೇಕು ಕಣೇ, ನಾನಂತೂ ಮುಟ್ಟಲ್ಲ" ಅಂತ ಮೇಡಂ ಕೈಕಟ್ಟಿ ನಿಲ್ಲುತ್ತಿದ್ದರು. ಆ ಎರಡು ವರ್ಷ ನನಗೆ ಮಾಡಿದ್ದು ಇಷ್ಟೇ, ಆದರೆ ಅದು ಬಹಳ ದೊಡ್ಡದು. ನಾನಿವತ್ತು ಲ್ಯಾಬಿನ ಬೀಗದಕೈ ಇಟ್ಟುಕೊಂಡಿರುವ ವಿಜ್ಞಾನದ ಟೀಚರ್ ಆಗಿದ್ದರೆ ಅದಕ್ಕೆ ಆ ಕಾಲೇಜೇ ಕಾರಣ.

ಅಲ್ಲಿಗೆ ನಾನು ಬಂದದ್ದಾದರೂ ಹೇಗೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆ ಜಗಲಿಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ಅಪ್ಪಯ್ಯನಿಗೆ ಓದಿಸುವ ಮನಸ್ಸಿತ್ತು, ಧೈರ್ಯ ಇರಲಿಲ್ಲ. ದೊಡ್ಡಪ್ಪ ಬಾಯಲ್ಲಿದ್ದ ಕವಳ ಉಗಿದು ಬಂದು ಕೇಳಿದ್ದು ಒಂದೇ ಮಾತು. "ಹುಡ್ಗೀರ ಕಾಲೇಜಲ್ದಾ? ಹಂಗಾರೆ ಕಳ್ಸು ಮಾರಾಯ, ಎಂಥ ಆಗ್ತದೆ." ಅಷ್ಟೇ. ಅಂಕಪಟ್ಟಿ ಯಾರೂ ನೋಡಲಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ನೋಡಿದರೆ ನನ್ನ ರೂಮಿನ ಎಲ್ಲರ ಕಥೆಯೂ ಹೆಚ್ಚು ಕಡಿಮೆ ಇದೇ. ಹುಡುಗರು ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬಿಟ್ಟುಕೊಟ್ಟ ಮನೆಗಳು.

ಈ ಮಾತು ಹೊಸದೇನೂ ಅಲ್ಲ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ, ಜ್ಯೋತಿಬಾ ಫುಲೆ ಹುಡುಗಿಯರಿಗಾಗಿಯೇ ಶಾಲೆ ತೆರೆದರು. ನಮ್ಮ ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾದದ್ದು 1881ರಲ್ಲಿ. ಮರುವರ್ಷ ಶಿಕ್ಷಣದ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಹಂಟರ್ ಆಯೋಗವೂ ಹುಡುಗಿಯರ ಶಾಲೆಗಳಿಗೆ ಧಾರಾಳವಾಗಿ ಅನುದಾನ ಕೊಡಿ, ಕಲಿಸಲು ಹೆಂಗಸರನ್ನು ತಯಾರು ಮಾಡಿ ಅಂದಿತು. ಮೊದಲು ಮಗಳು ಹೊಸಿಲು ದಾಟಲಿ, ಮಿಕ್ಕಿದ್ದು ಆಮೇಲೆ ನೋಡೋಣ ಅನ್ನೋ ಲೆಕ್ಕ. ಆ ಲೆಕ್ಕ ಹಳತಾಯಿತು ಅಂತ ಪೇಟೆಯಲ್ಲಿ ಕೂತವರು ಹೇಳಬಹುದು. ಹುಡುಗಿಯರ ಶಿಕ್ಷಣ ಹಿಂದುಳಿದ ಬ್ಲಾಕುಗಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅನ್ನೋ ವಸತಿ ಶಾಲೆಗಳನ್ನು ಸರ್ಕಾರ ಶುರು ಮಾಡಿದ್ದು 2004ರಲ್ಲಿ. ಅಂದರೆ ಅಗತ್ಯ ಇನ್ನೂ ಮುಗಿದಿಲ್ಲ ಅಂತಲೇ ಅಲ್ವಾ?

ಹಾಗಂತ ಎಲ್ಲ ಕಡೆಯೂ ಬೇರೆ ಬೇರೆ ಶಾಲೆ ಆಗಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಮಲೆನಾಡಿನಲ್ಲಿ ಅದು ಆಗುವ ಮಾತೂ ಅಲ್ಲ. ನಮ್ಮಲ್ಲಿ ಊರು ಅಂದರೆ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು ಮನೆ. ಇಂಥ ಕಡೆ ಇರುವ ಮಕ್ಕಳನ್ನೆಲ್ಲ ಒಟ್ಟು ಮಾಡಿದರೇ ಒಂದು ಕ್ಲಾಸು ತುಂಬುವುದು ಕಷ್ಟ. ಹುಡುಗಿಯರಿಗೆ ಬೇರೆ ಹೈಸ್ಕೂಲು ಅಂದರೆ ಅದು ತಾಲ್ಲೂಕು ಕೇಂದ್ರದಲ್ಲೇ ಆಗಬೇಕು. ಮಾಸ್ತಿಕಟ್ಟೆ, ಹುಲಿಕಲ್ ಕಡೆ ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಮನೆಯ ಮುಂದಿನ ಹಳ್ಳದ ಸಂಕ (ಕಾಲುಸೇತುವೆ) ದಾಟುವುದೇ ಒಂದು ಸಾಹಸ. ಇನ್ನು ಎರಡು ಬಸ್ಸು ಬದಲಾಯಿಸಿ ಹೋಗಬೇಕು ಅಂದರೆ ಯಾರು ಕಳಿಸುತ್ತಾರೆ? ಏಳನೇ ಕ್ಲಾಸಿಗೇ ನಿಲ್ಲಿಸಿ ಅಡಿಕೆ ಸುಲಿಯಲು ಕೂರಿಸುತ್ತಾರೆ. ನಾನು ಹತ್ತನೇ ಕ್ಲಾಸು ಮುಟ್ಟಿದ್ದೇ ಆ ಹೈಸ್ಕೂಲು ನಡೆದು ಹೋಗುವಷ್ಟು ಹತ್ತಿರ ಇತ್ತು ಅನ್ನೋ ಕಾರಣಕ್ಕೆ.

2006-07ರಲ್ಲಿ ಶುರುವಾದ ಸೈಕಲ್ ಯೋಜನೆ ಬಯಲುಸೀಮೆಗೆ ಒಳ್ಳೆಯದಾಯಿತು. ನಮ್ಮ ಏರಿನಲ್ಲಿ ಮಕ್ಕಳು ಸೈಕಲ್ ತಳ್ಳಿಕೊಂಡು ಬರುವುದೇ ಜಾಸ್ತಿ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅದೂ ಒಳ್ಳೆಯದೇ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಯಾವ ಶಾಲೆ ಒಳ್ಳೆಯದು ಅಂತ ಕೇಳುವ ಮೊದಲು ಎಷ್ಟು ದೂರ ಅಂತ ಕೇಳಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ.

ಹುಡುಗಿಯರ ಪಠ್ಯದ ಬಗ್ಗೆ ನೇಮಕವಾಗಿದ್ದ ಶಿಕ್ಷಣತಜ್ಞೆ ಹಂಸಾ ಮೆಹ್ತಾ ಅವರ ಸಮಿತಿ 1960ರ ದಶಕದಲ್ಲೇ ಈ ವಿಷಯದಲ್ಲಿ ಸರಿಯಾದ ದಾರಿ ಹೇಳಿತ್ತು. ಪ್ರಾಥಮಿಕ ಹಂತದಲ್ಲಿ ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಓದಲಿ, ಮೇಲಿನ ಹಂತದಲ್ಲಿ ಬೇರೆ ಶಾಲೆ ಬೇಕು ಅನ್ನುವವರಿಗೆ ಅದೂ ಇರಲಿ ಅಂತ. ಅದಕ್ಕಿಂತ ಮುಖ್ಯವಾಗಿ, ಹುಡುಗಿಯರು ಅನ್ನೋ ಕಾರಣಕ್ಕೆ ಪಠ್ಯ ಬೇರೆ ಆಗಬಾರದು ಅಂತ. ಇಡೀ ದೇಶದ ಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗವೂ ಇದನ್ನು ಒಪ್ಪಿತು.

ಪಠ್ಯದ ಈ ಮಾತು ನಮ್ಮ ಕಾಲೇಜಿಗೂ ತಟ್ಟುತ್ತದೆ. ಪ್ರೀತಿ ಇರುವುದರಿಂದಲೇ ಹೇಳುತ್ತೇನೆ. ನಮ್ಮ ಕಾಲದಲ್ಲಿ ಪಿಸಿಎಂಬಿ ಇತ್ತು, ಕಂಪ್ಯೂಟರ್ ಸೈನ್ಸ್ ಇರಲಿಲ್ಲ. ಕೇಳಿದ್ದಕ್ಕೆ, ಹುಡುಗಿಯರಿಗೆ ಬಯಾಲಜಿ ಇದ್ದರೆ ಸಾಕು ಅನ್ನೋ ಉತ್ತರ ಬಂತು. ಈಗಲೂ ಇಲ್ಲ. ಎದುರಿಗೆ ಹುಡುಗರಿಲ್ಲದಿದ್ದರೆ ಹೋಲಿಸಲು ಯಾರೂ ಇರುವುದಿಲ್ಲ. ನಮಗೆ ಏನು ಕಡಿಮೆ ಕೊಟ್ಟಿದ್ದಾರೆ ಅಂತ ನಮಗೇ ಗೊತ್ತಾಗುವುದಿಲ್ಲ. ಹುಡುಗಿಯರಿಗೇ ಅಂತ ಇರುವ ಶಾಲೆಯ ದೊಡ್ಡ ಅಪಾಯ ಇದು. ನಾಲ್ಕೂವರೆಗೆ ಗೇಟಿಗೆ ಬೀಗ, ಲೈಬ್ರರಿ ಅಷ್ಟರೊಳಗೆ ಮುಚ್ಚಬೇಕು ಅನ್ನೋ ನಿಯಮವೂ ಹಾಗೇ. ನಮ್ಮ ಕ್ಷೇಮಕ್ಕೆ ಅಂತ ಮಾಡಿದ್ದು, ಕಳೆದುಕೊಂಡದ್ದು ನಮ್ಮ ಓದು. ಆಮೇಲೆ ಬಿಎಸ್ಸಿಗೆ ಹುಡುಗರಿರುವ ಕಾಲೇಜಿಗೆ ಸೇರಿದಾಗ ಲ್ಯಾಬಿನಲ್ಲಿ ನನಗೆ ಏನೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಕ್ಯಾಂಟೀನಿನಲ್ಲಿ. ಪಕ್ಕದ ಹುಡುಗನ ಹತ್ತಿರ ಸುಮ್ನೆ ನೋಟ್ಸ್ ಕೇಳಲೂ ಸಂಕೋಚ. ನಮ್ಮ ಬ್ಯಾಚಿನ ಎಷ್ಟೋ ಜನರಿಗೆ ಹಾಗಾಗಿತ್ತು.

ಸಭೆಯಲ್ಲಿ ಒಬ್ಬರು, ಹುಡುಗಿಯರ ಶಾಲೆಯಲ್ಲಿ ಅಂಕ ಜಾಸ್ತಿ ಬರುತ್ತದೆ, ಇದು ಸಾಬೀತಾಗಿದೆ ಅಂದರು. ಅಷ್ಟು ಸುಲಭವಾಗಿ ಹೇಳುವ ಹಾಗಿಲ್ಲ. ಓದಿಸಬೇಕು ಅಂತ ಹಟ ಇರುವ ಮನೆಯವರೇ ಹುಡುಕಿಕೊಂಡು ಬಂದು ಸೇರಿಸಿದರೆ ಅಂಕ ಬರುತ್ತದೆ. ಅದು ಶಾಲೆಯ ಗುಣವೋ ಮನೆಯ ಗುಣವೋ? ಇದನ್ನು ಬಿಡಿಸಿ ನೋಡಲು ದಕ್ಷಿಣ ಕೊರಿಯಾದ ಸೋಲ್ ನಗರ ಒಳ್ಳೆಯ ಜಾಗ. 1974ರಲ್ಲಿ ಬಂದ ಪದ್ಧತಿಯ ಪ್ರಕಾರ ಅಲ್ಲಿ ಮಕ್ಕಳನ್ನು ಆಯಾ ಭಾಗದ ಹೈಸ್ಕೂಲುಗಳಿಗೆ ಲಾಟರಿ ಎತ್ತಿ ಹಂಚುತ್ತಿದ್ದರು. ಆ ಮಕ್ಕಳ ಫಲಿತಾಂಶ ನೋಡಿ 2013ರಲ್ಲಿ ಬಂದ ಅಧ್ಯಯನ, ಬೇರೆ ಬೇರೆ ಓದಿದ ಹುಡುಗ ಹುಡುಗಿಯರಿಬ್ಬರೂ ಸ್ವಲ್ಪ ಮುಂದಿದ್ದರು ಅನ್ನುತ್ತದೆ. ಆದರೆ ಮರುವರ್ಷ 21 ದೇಶಗಳ 184 ಅಧ್ಯಯನಗಳನ್ನು, ಸುಮಾರು 16 ಲಕ್ಷ ಮಕ್ಕಳ ಲೆಕ್ಕವನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು ಬೇರೆ. ಸರಿಸಮಾನ ಹಿನ್ನೆಲೆಯ ಮಕ್ಕಳನ್ನು ಹೋಲಿಸಿದರೆ ಅಂಥ ವ್ಯತ್ಯಾಸವೇ ಇಲ್ಲ. ಹಾಗಾಗಿ ಅಂಕಕ್ಕಾಗಿ ಈ ಜಗಳ ಬೇಡ. ಬ್ಯೂರೆಟ್ ಯಾರ ಕೈಯಲ್ಲಿತ್ತು ಅನ್ನೋದು ಅಂಕಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಪಕ್ಕದ ಕೇರಳದಲ್ಲಿ 2022ರಲ್ಲಿ ಮಕ್ಕಳ ಹಕ್ಕುಗಳ ಆಯೋಗವೇ, ಗಂಡು ಮಕ್ಕಳಿಗೆ ಬೇರೆ ಹೆಣ್ಣು ಮಕ್ಕಳಿಗೆ ಬೇರೆ ಶಾಲೆ ಬೇಡ, ಎಲ್ಲ ಒಟ್ಟಿಗೆ ಓದಲಿ ಅಂತ ಆದೇಶ ಮಾಡಿತು. ಅದರ ಹಿಂದಿನ ಆಸೆ ನನಗೆ ಇಷ್ಟವೇ. ಆದರೆ ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ. ನಾನು ದಿನಾ ನೋಡುವುದು ಅದನ್ನೇ.

ನನ್ನ ಶಾಲೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಪ್ರಯೋಗಕ್ಕೆ ಹುಡುಗಿಯರದೇ ಬೇರೆ ಗುಂಪು, ಹುಡುಗರದೇ ಬೇರೆ ಗುಂಪು. ರೆಕಾರ್ಡು ಹುಡುಗರೂ ಬರೆಯಬೇಕು, ಗೆರೆ ನೇರ ಬರುವವರೆಗೂ ಬರೆಯಬೇಕು. ಪ್ರಯೋಗ ಮುಗಿದ ಮೇಲೆ ಚರ್ಚೆಗೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಲ್ಯಾಬಿನ ಬೀಗದಕೈ ರೋಲ್ ನಂಬರಿನ ಪ್ರಕಾರ ವಾರಕ್ಕೊಬ್ಬರ ಹತ್ತಿರ. ಕಸಬರಿಗೆಯೂ ಹಾಗೇ. ಮೊದಲು ಕೆಲವು ಹುಡುಗರು ಮುಖ ಊದಿಸಿಕೊಂಡರು, ಈಗ ಅಭ್ಯಾಸವಾಗಿದೆ. ಹೋದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಫ್ಯೂಸ್ ಹೋಗಿದ್ದನ್ನು ತಾನೇ ಕಂಡುಹಿಡಿದು, ಮೇನ್ ಆಫ್ ಮಾಡಿ, ನನ್ನನ್ನು ಕರೆದಳು. ಸುತ್ತ ನಿಂತ ಹುಡುಗರು ಟಾರ್ಚ್ ಹಿಡಿದಿದ್ದರು. ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ.

ಇಷ್ಟೇ ಸಾಲದು, ಶೌಚಾಲಯ ಸರಿ ಇರಬೇಕು. ಹುಡುಗಿಯರಿಗೆ ಬೇರೆ ಶೌಚಾಲಯ ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕಟ್ಟಡ ಇದ್ದು, ನೀರಿಲ್ಲದೆ ಬೀಗ ಹಾಕಿದ್ದರೆ ಇದ್ದೂ ಇಲ್ಲದ ಹಾಗೆ. ತಿಂಗಳಿಗೆ ನಾಲ್ಕು ದಿನ ಹುಡುಗಿ ಮನೆಯಲ್ಲೇ ಉಳಿದರೆ ಯಾವ ಥರದ ಶಾಲೆಯಾದರೂ ಒಂದೇ.

ಈಗ ನಮ್ಮ ಕಾಲೇಜಿನ ವಿಷಯಕ್ಕೆ ಬರುತ್ತೇನೆ. ಸದ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಿವಮೊಗ್ಗದಲ್ಲಿ ಒಟ್ಟಿಗೆ ಓದುವ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿಗೆ ಕಳಿಸಲು ಒಪ್ಪುವ ಮನೆಯ ಹುಡುಗಿ ಅಲ್ಲಿಗೆ ಹೋಗಲಿ, ಸಂತೋಷ. ಒಪ್ಪದ ಮನೆಯ ಹುಡುಗಿಗೆ ನಮ್ಮದೊಂದೇ ಬಾಗಿಲು. ಅಡ್ಮಿಶನ್ ಕಡಿಮೆಯಾಗಿದೆ ಅಂತ ಆ ಬಾಗಿಲು ಮುಚ್ಚುವ ಬದಲು ಕಂಪ್ಯೂಟರ್ ಸೈನ್ಸ್ ತನ್ನಿ. ಲೈಬ್ರರಿ ಆರೂವರೆವರೆಗೆ ತೆರೆದಿಡಿ. ಹಾಸ್ಟೆಲಿನ ಸೀಟು ಹೆಚ್ಚಿಸಿ. ಚರ್ಚಾಸ್ಪರ್ಧೆ, ವಿಜ್ಞಾನ ಮೇಳ, ಎನ್ನೆಸ್ಸೆಸ್ ಕ್ಯಾಂಪುಗಳನ್ನು ಬೇರೆ ಕಾಲೇಜಿನ ಹುಡುಗರ ಜೊತೆ ಸೇರಿಯೇ ಮಾಡಿ. ಆಗ ಮುಂದೆ ಕ್ಯಾಂಟೀನಿನಲ್ಲಿ ನೋಟ್ಸ್ ಕೇಳಲು ಯಾರೂ ಹೆದರಬೇಕಿಲ್ಲ.

ಸಮಿತಿಯವರಲ್ಲಿ ಒಂದು ವಿನಂತಿ. ತೀರ್ಮಾನ ಮಾಡುವ ಮೊದಲು ಈ ವರ್ಷ ಫಸ್ಟ್ ಪಿಯುಸಿಗೆ ಸೇರಿದ ಪ್ರತಿಯೊಬ್ಬಳನ್ನೂ ಕೇಳಿ, ಈ ಕಾಲೇಜು ಇಲ್ಲದಿದ್ದರೆ ನೀನು ಎಲ್ಲಿರುತ್ತಿದ್ದೆ ಅಂತ. ಉತ್ತರಗಳನ್ನು ಬರೆದಿಟ್ಟು, ಸಭೆಯಲ್ಲಿ ಓದಿ, ಆಮೇಲೆ ಕೈ ಎತ್ತಿಸಿ. ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೆ ಹೋಗಿ ಕೇಳುವುದಾದರೆ ನಾನೂ ಬರುತ್ತೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಇಟ್ಟುಕೊಳ್ಳಿ, ಆಗ ಮನೆಯಲ್ಲಿ ಎಲ್ಲರೂ ಮಾತಿಗೆ ಸಿಗುತ್ತಾರೆ.