ಫೆಬ್ರವರಿಯಲ್ಲಿ ಬರುವ ಪ್ರಾಜೆಕ್ಟ್ ಹುಡುಗರು

ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಫೆಬ್ರವರಿ ಬಂತೆಂದರೆ ಕಡೇ ವರ್ಷದ ಇಂಜಿನಿಯರಿಂಗ್ ಹುಡುಗರು ಹಾಜರ್. "ಅಂಕಲ್, ಅಡಿಕೆ ಸುಲಿಯುವ ಮೆಷಿನ್ ಮಾಡ್ಬೇಕಿತ್ತು. ಮೇಯಲ್ಲಿ ವೈವಾ." ಚುರುಕಿನ ಮಕ್ಕಳೇ. ಆದರೆ ಹೆಚ್ಚಿನವರು ಸುಲಿಯದ ಅಡಿಕೆಯನ್ನು ಕೈಯಲ್ಲಿ ಹಿಡಿದೂ ನೋಡಿರುವುದಿಲ್ಲ.

ಮೋಟರು, ಬೆಲ್ಟು ಕೂರಿಸುವುದು ಏನೂ ಕಷ್ಟ ಇಲ್ಲ. ತಲೆನೋವೆಲ್ಲ ಬ್ಲೇಡಿನದು. ಅಂಗಳದಲ್ಲಿ 40-45 ದಿನ ಒಣಗಿದ ಅಡಿಕೆಯೂ ಒಂದೇ ಗಾತ್ರ ಇರುವುದಿಲ್ಲ. ಸಂದು ಬಿಗಿಯಾದರೆ ಅಡಿಕೆ ಒಡೆಯುತ್ತದೆ, ಸಡಿಲಾದರೆ ಸಿಪ್ಪೆ ಬಿಡುವುದಿಲ್ಲ. ಒಡೆದ ಅಡಿಕೆಗೆ ರೇಟು ಕಮ್ಮಿ. ಇದನ್ನು ಹದಕ್ಕೆ ತರಲು ಎರಡು ಕೊಯ್ಲಾದರೂ ಬೇಕು. ಹುಡುಗರಿಗೆ ಇರುವುದು ಮೂರೇ ತಿಂಗಳು. ಮಾರ್ಕ್ಸ್ ಬರುತ್ತದೆ, ಅವರು ಬೆಂಗಳೂರಿಗೆ ಹೋಗುತ್ತಾರೆ, ಮೆಷಿನ್ ನನ್ನ ಶೆಡ್ಡಿನ ಮೂಲೆ ಸೇರುತ್ತದೆ.

ಒಂದು ಕಾಲೇಜಿನವರು ನನ್ನ ಜೊತೆ ಎಂಒಯು, ಅಂದರೆ ಒಡಂಬಡಿಕೆ ಪತ್ರ ಕೂಡ ಮಾಡಿಕೊಂಡರು. ಶಾಲು, ಫೋಟೊ, ಒಳ್ಳೆ ಊಟ. ಮೆಷಿನ್ ಯಾರು ಕೊಳ್ಳುತ್ತಾರೆ, ಡಿಸೈನ್ ಯಾರದು ಅಂತ ಯಾರೂ ಕೇಳಲಿಲ್ಲ. (ಊಟ ನಿಜಕ್ಕೂ ಚೆನ್ನಾಗಿತ್ತು.)

ಎಂಬಿಎ ಓದುವ ನನ್ನ ಅಕ್ಕನ ಮಗ ಇದಕ್ಕೆ ‘ಟ್ರಿಪಲ್ ಹೆಲಿಕ್ಸ್’ ಅನ್ನುತ್ತಾನೆ. ಕಂಪನಿ, ವಿಶ್ವವಿದ್ಯಾಲಯ, ಸರ್ಕಾರ ಮೂರೂ ಹೆಣೆದುಕೊಂಡರೆ ಹೊಸದು ಹುಟ್ಟುತ್ತದೆ ಅಂತ ಎಟ್ಜ್ಕೊವಿಟ್ಜ್, ಲೈಡೆಸ್ಡೋರ್ಫ್ ಎಂಬಿಬ್ಬರು 1990ರ ದಶಕದಲ್ಲಿ ಹೇಳಿದ್ದಂತೆ. ಸರಿ, ಒಪ್ಪೋಣ. ಆದರೆ ಅವನಿಗೆ ನಾನು ನಮ್ಮೂರಿನ ಕೊಕ್ಕೊ ಕಥೆ ಹೇಳಿದೆ.

1970ರ ದಶಕದಲ್ಲಿ ಕೊಕ್ಕೊ ನಮ್ಮ ಅಡಿಕೆ ತೋಟಗಳಿಗೆ ಬಂತು. ಅಡಿಕೆಯ ನೆರಳಿನಲ್ಲಿ ಅದು ಬೆಳೆಯುತ್ತದೆ ಅಂತ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ವಿಜ್ಞಾನಿಗಳು ತೋರಿಸಿದರು. ಚಾಕೊಲೇಟ್ ಕಂಪನಿಯವರು ಕೊಳ್ಳುತ್ತಿದ್ದರು. 1980ರ ಹೊತ್ತಿಗೆ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಸಂಶೋಧನೆ ಸರಿಯಿತ್ತು, ಫಸಲೂ ಇತ್ತು, ಗಿರಾಕಿಯೇ ಇಲ್ಲ! ಆಗ ಕೈ ಹಾಕಿದ್ದು ಕ್ಯಾಂಪ್ಕೊ. ಅದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಶುರುವಾದ ಬೆಳೆಗಾರರ ಸಹಕಾರಿ ಸಂಸ್ಥೆ. ಕರ್ನಾಟಕ, ಕೇರಳ ಎರಡೂ ಸರ್ಕಾರಗಳ ಬೆಂಬಲ ಅದಕ್ಕಿತ್ತು. ಅದು ಕೊಕ್ಕೊ ಕೊಳ್ಳಲು ಶುರುಮಾಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ತೆರೆಯಿತು.

ಕ್ಯಾಂಪ್ಕೊದಲ್ಲಿ ಬೆಳೆಗಾರನೇ ಮಾಲೀಕ, ಅಲ್ವಾ? ಬೆಲೆ ಬಿದ್ದರೆ ಅವನು ತೋಟ ಬಿಟ್ಟು ಎಲ್ಲಿಗೆ ಹೋಗುತ್ತಾನೆ? ನಮ್ಮ ಎಂಒಯುಗಳಲ್ಲಿ ಕೊರತೆ ಇರುವುದು ಅಂಥವನದೇ. ಕಾಲೇಜಿಗೆ ಗುಣಮಟ್ಟ ಅಳೆಯುವ ನ್ಯಾಕ್‌ನ ಅಂಕ ಸಿಕ್ಕಿತು, ಇಲಾಖೆಗೆ ವರದಿ ಸಿಕ್ಕಿತು, ಅಷ್ಟಕ್ಕೆ ಎಲ್ಲರ ಕೆಲಸ ಮುಗಿಯಿತು.

ಈ ಸಲ ಬಂದ ಲೆಕ್ಚರರ್‌ಗೆ ಸುಮ್ನೆ ಹೂಂ ಅನ್ನಲಿಲ್ಲ. "ಸರ್, ಹುಡುಗರನ್ನು ಮೂರನೇ ವರ್ಷದಲ್ಲೇ ಕಳಿಸಿ. ಮೊದಲು ಒಂದು ವಾರ ವಿಟ್ಲದ ಯಾವುದಾದರೂ ತೋಟದ ಮನೆಯಲ್ಲಿ ಕೂತು ಅಡಿಕೆ ಸುಲಿಯಲಿ. ಮೆಷಿನ್ ಆದ ಮೇಲೆ ಅದನ್ನು ಅದೇ ಮನೆಗೆ ಕೊಡಬೇಕು, ಮುಂದಿನ ಕೊಯ್ಲಿಗೆ ರಿಪೇರಿಗೂ ಹುಡುಗರೇ ಹೋಗಬೇಕು" ಎಂದೆ.

ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ಫೋನ್ ಇನ್ನೂ ಬಂದಿಲ್ಲ.